ಚಪ್ಪಟೆ ಪರದೆ ಪ್ರದರ್ಶಕಗಳು

ಚಪ್ಪಟೆ ಪರದೆ ಪ್ರದರ್ಶಕಗಳು ಟಿ.ವಿ., ಗಣಕಯಂತ್ರದ ಮಾನಿಟರ್ ಮೊದಲಾದವುಗಳಲ್ಲಿ ಚಿತ್ರವನ್ನು ಮೂಡಿಸುವ ತೆಳುವಾದ ಸಾಧನಗಳು. ಕ್ಯಾಥೋಡ್ ಕಿರಣ ನಳಿಕೆಯಿದ್ದ ಭಾರವಾದ ಪೆಟ್ಟಿಗೆಗಳ ಸ್ಥಾನವನ್ನು ಇವು 21ನೆಯ ಶತಮಾನದ ಆರಂಭದ ದಶಕಗಳಲ್ಲಿ ಪಡೆದುಕೊಂಡವು. ಬೆಳಕಿನ ಮೂಲವನ್ನು ಆಧರಿಸಿ ಇವುಗಳಲ್ಲಿ ಎರಡು ವರ್ಗಗಳಿವೆ: ಹಿಂಬದಿಯ ದೀಪದ ಬೆಳಕನ್ನು ತಡೆದು ಇಲ್ಲವೆ ಹಾಯಗೊಟ್ಟು ಚಿತ್ರ ತೋರಿಸುವ ಎಲ್‌ಸಿಡಿ, ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಗುವ ಪ್ಲಾಸ್ಮಾ ಮತ್ತು ಒಎಲ್‌ಇಡಿ. ಕಪ್ಪಿನ ಗಾಢತೆ, ವಿದ್ಯುತ್ ಬಳಕೆ, ಬಾಳಿಕೆ ಮುಂತಾದ ವ್ಯತ್ಯಾಸಗಳಿಗೆ ಬಹುಮಟ್ಟಿಗೆ ಇದೇ ಕಾರಣ. ಎಲ್‌ಸಿಡಿ ಪರದೆಯ ನೋಟದ ಕೋನವನ್ನು ಹಿಗ್ಗಿಸಲು ನೆರವಾದ ದ್ರವ ಸ್ಫಟಿಕದ ಬಗೆಯೊಂದು ಬೆಂಗಳೂರಿನಲ್ಲಿ ಶೋಧವಾದುದು.

ಎಲ್‌ಸಿಡಿ

ದ್ರವದಂತೆ ಹರಿಯುತ್ತಿದ್ದರೂ ಸ್ಫಟಿಕದಂತೆ ಅಣುಗಳ ಜೋಡಣೆಯನ್ನು ಉಳಿಸಿಕೊಂಡಿರುವ ಪದಾರ್ಥವೇ ದ್ರವ ಸ್ಫಟಿಕ. ಇದನ್ನು 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಗಮನಿಸಿದರು. ಪರದೆಯಲ್ಲಿ ಇದರ ತೆಳುಪದರವನ್ನು ಎರಡು ಗಾಜಿನ ಹಾಳೆಗಳ ನಡುವೆ ಇರಿಸಿ, ಎರಡೂ ಬದಿಗೆ ಧ್ರುವಕಗಳನ್ನು ಅಂಟಿಸಲಾಗುತ್ತದೆ. ವಿದ್ಯುತ್ತಿನ ಪ್ರಭಾವದಿಂದ ಅಣುಗಳು ತಿರುಗಿದಂತೆ ಹಾಯುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಕೆಂಪು, ಹಸಿರು, ನೀಲಿ ಸೋಸುಗಳು ಬಣ್ಣ ಕೊಡುತ್ತವೆ. ಅಣುಗಳು ತಿರುಗುವ ರೀತಿಯಿಂದ ಮೂರು ಪ್ರಭೇದಗಳಾಗಿವೆ.

• ಟಿಎನ್: ಅಣುಗಳು ಸುರುಳಿಯಂತೆ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಅಗ್ಗ ಮತ್ತು ವೇಗದ್ದು. ಆದರೆ ಓರೆಯಿಂದ ನೋಡಿದರೆ ಬಣ್ಣ ಕೆಡುತ್ತದೆ.
• ಐಪಿಎಸ್: ಅಣುಗಳು ಗಾಜಿಗೆ ಸಮಾಂತರವಾಗಿಯೇ ತಿರುಗುತ್ತವೆ. ಯಾವ ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದು. ಕಪ್ಪು ಮಾತ್ರ ತುಸು ಬೂದಿಯಾಗಿ ಕಾಣುತ್ತದೆ.
• ವಿಎ: ವಿದ್ಯುತ್ ಇಲ್ಲದಾಗ ಅಣುಗಳು ಗಾಜಿಗೆ ಲಂಬವಾಗಿ ನಿಂತಿರುತ್ತವೆ. ಕಪ್ಪು ಐಪಿಎಸ್‌ಗಿಂತ ಗಾಢ. ಬದಿಯಿಂದ ನೋಡಿದರೆ ಬಣ್ಣ ಮಾಸುತ್ತದೆ.

ಬೆಂಗಳೂರಿನ ಕೊಡುಗೆ

1977ರವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವ ಸ್ಫಟಿಕವಾಗಬಲ್ಲವು ಎಂಬ ಭಾವನೆ ಪ್ರಬಲವಾಗಿತ್ತು. ಆ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ಈ ಸ್ಥಿತಿಯನ್ನು ತಳೆಯುತ್ತವೆ ಎಂದು ತೋರಿಸಿ, ಭಾರತದ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸರ್ ಸಿ. ವಿ. ರಾಮನ್ ಅವರ ಸೋದರಳಿಯರಾದ ಚಂದ್ರಶೇಖರ್ (1930–2004) ಅದಕ್ಕೆ ಮುನ್ನ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1991ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವು ಇಂದು ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಗಿದೆ.

1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಬಿಲ್ಲೆಯಾಕಾರದ ಅಣುಗಳ ಲೇಪವಿರುವ ಹಾಳೆಯೊಂದನ್ನು ಟಿಎನ್ ಪರದೆಗಳಿಗಾಗಿ ತಯಾರಿಸಿತು. ಓರೆಯಾಗಿ ಸಾಗುವ ಬೆಳಕಿನಲ್ಲಿ ಕಡ್ಡಿಯಣುಗಳು ಉಂಟುಮಾಡುವ ದೋಷವನ್ನು ಬಿಲ್ಲೆಯಣುಗಳು ವಿರುದ್ಧ ಪರಿಣಾಮದಿಂದ ಸರಿದೂಗಿಸುತ್ತವೆ. ಇದರಿಂದ ಅಗ್ಗದ ಮಾನಿಟರ್‌ಗಳಲ್ಲಿಯೂ ಬದಿಯ ನೋಟ ಸುಧಾರಿಸಿತು.

ಸ್ವಯಂಪ್ರಕಾಶ ಪರದೆಗಳು

ಪ್ಲಾಸ್ಮಾ ಪರದೆಯು 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಬಣ್ಣದ ಪ್ಲಾಸ್ಮಾ ಟಿ.ವಿ.ಯ ಪುಟ್ಟ ಕೋಶಗಳಲ್ಲಿನ ಅನಿಲವು ಹೊಮ್ಮಿಸುವ ಅತಿನೇರಳೆ ಕಿರಣಗಳು ರಂಜಕಗಳನ್ನು ಬೆಳಗಿಸುತ್ತಿದ್ದವು. ಹೆಚ್ಚು ವಿದ್ಯುತ್ ಬೇಡುತ್ತಿದ್ದ ಇದರ ತಯಾರಿಕೆಯನ್ನು ಪ್ರಮುಖ ಕಂಪನಿಗಳು 2014ರ ಹೊತ್ತಿಗೆ ಕೈಬಿಟ್ಟವು.

ಒಎಲ್‌ಇಡಿ ಪರದೆಯಲ್ಲಿ ಇಂಗಾಲಯುಕ್ತ ಸಂಯುಕ್ತಗಳ ಪದರಗಳು ವಿದ್ಯುತ್ ಹರಿದಾಗ ಬೆಳಗುತ್ತವೆ. ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಇದರ ಕಾರ್ಯಸಾಧ್ಯ ರೂಪವನ್ನು ಪ್ರಕಟಿಸಿದರು. ಕಪ್ಪು ಬೇಕಾದಲ್ಲಿ ಪಿಕ್ಸೆಲ್ ಪೂರ್ಣವಾಗಿ ಆರುವುದರಿಂದ ಇದರ ಕಪ್ಪಿಗೆ ಎಲ್‌ಸಿಡಿ ಸಾಟಿಯಾಗದು. ಆದರೆ ಈ ಸಂಯುಕ್ತಗಳು ಬಳಕೆಯಿಂದ ಸವೆಯುತ್ತವೆ; ನೀಲಿಯದು ಎಲ್ಲಕ್ಕಿಂತ ಬೇಗ. ಸುದ್ದಿ ವಾಹಿನಿಯ ಲಾಂಛನದಂತೆ ಒಂದೇ ಜಾಗದಲ್ಲಿ ದೀರ್ಘಕಾಲ ನಿಲ್ಲುವ ಚಿತ್ರವು ಶಾಶ್ವತ ಅಚ್ಚನ್ನು ಉಳಿಸಬಹುದು.

ಹೆಸರುಗಳ ಗೊಂದಲ

ಅಂಗಡಿಗಳಲ್ಲಿ ‘ಎಲ್‌ಇಡಿ ಟಿ.ವಿ.’ ಎಂದು ಮಾರಾಟವಾಗುವುದು ಸಾಮಾನ್ಯವಾಗಿ ಎಲ್‌ಸಿಡಿಯೇ. ಮೊದಲು ಹಿಂಬದಿಯಲ್ಲಿದ್ದ ತೆಳು ಟ್ಯೂಬ್‌ಲೈಟುಗಳ ಬದಲಿಗೆ ಎಲ್‌ಇಡಿ ದೀಪಗಳು ಬಂದಿವೆ, ಅಷ್ಟೆ. ‘ಕ್ಯೂಎಲ್‌ಇಡಿ’ ಎಂಬ ಹೆಸರಿನಲ್ಲಿ ಮಾರುವ ಟಿ.ವಿ.ಗಳೂ ಎಲ್‌ಸಿಡಿಗಳೇ, ಬಣ್ಣವನ್ನು ಶುದ್ಧಗೊಳಿಸುವ ಕ್ವಾಂಟಮ್ ಚುಕ್ಕೆಗಳ ಪದರ ಅವುಗಳಲ್ಲಿರುತ್ತದೆ. ಈ ಚುಕ್ಕೆಗಳ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ. ‘ಮಿನಿ ಎಲ್‌ಇಡಿ’ಯಲ್ಲಿ ಹಿಂಬದಿಯ ಪುಟ್ಟ ದೀಪಗಳು ವಲಯವಾರು ಮಂದವಾಗುತ್ತವೆ, ಆದರೂ ಪ್ರಕಾಶಮಾನ ವಸ್ತುವಿನ ಸುತ್ತ ಬೆಳಕಿನ ಬಳೆ ಕಾಣಿಸಿಕೊಳ್ಳುವುದುಂಟು. ಹೆಸರಿನ ಮೊದಲಿಗೆ ‘ಒ’ ಸೇರಿದಾಗ ಮಾತ್ರ ತಂತ್ರಜ್ಞಾನವೇ ಬೇರೆಯಾಗುತ್ತದೆ.

ಬಳಕೆ ಮತ್ತು ಆಯ್ಕೆ

‘4ಕೆ’ ಪರದೆಯಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಆದರೆ ಈ ಸಂಖ್ಯೆಯು ಪರದೆಯ ಬಗೆಯನ್ನಾಗಲಿ ಕಪ್ಪಿನ ಗುಣವನ್ನಾಗಲಿ ತಿಳಿಸುವುದಿಲ್ಲ. ವಿಜಯಪುರ ಜಿಲ್ಲೆಯಂತಹ ಬಿಸಿಲ ನಾಡಿನಲ್ಲಿ ಹಗಲೆಲ್ಲ ಬಾಗಿಲು ತೆರೆದಿರುವ ಪಡಸಾಲೆಗೆ ಹೆಚ್ಚು ಪ್ರಕಾಶದ ಎಲ್‌ಸಿಡಿ ಅನುಕೂಲಕರ. ಮನೆಮಂದಿ ಎರಡೂ ಬದಿಗೆ ಕುಳಿತು ನೋಡುವಲ್ಲಿ ಐಪಿಎಸ್ ಮೇಲು. ಕತ್ತಲ ಕೋಣೆಯಲ್ಲಿ ಚಲನಚಿತ್ರ ನೋಡುವವರಿಗೆ ಒಎಲ್‌ಇಡಿ ಉತ್ತಮ. ದಿನವಿಡೀ ಒಂದೇ ಬಗೆಯ ಪುಟ ತೆರೆದಿರುವ ಕಚೇರಿಯ ಗಣಕಯಂತ್ರಗಳಿಗೆ ಅಚ್ಚು ಉಳಿಯುವ ಭಯವಿಲ್ಲದ ಎಲ್‌ಸಿಡಿ ಮಾನಿಟರ್ ಹೆಚ್ಚು ಸೂಕ್ತ.