ಮೆದುಳಿನ ಮೇಲೆ ದೇಹವೇ ತಿರುಗಿಬಿದ್ದಾಗ: ಆ್ಯಂಟಿಬಾಡಿ ಪರೀಕ್ಷೆ ಏನು ಹೇಳುತ್ತೆ, ಏನು ಹೇಳಲ್ಲ?

2009ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಡಾ. ಸೂಹೆಲ್ ನಜ್ಜಾರ್ ಎಂಬ ನರತಜ್ಞರು 24 ವರ್ಷದ ರೋಗಿಯೊಬ್ಬರಿಗೆ ಹಾಳೆ ಕೊಟ್ಟು, ಒಂದು ಗಡಿಯಾರದ ಚಿತ್ರ ಬಿಡಿಸಿ ಎಂದರು. ಆಕೆ ವೃತ್ತವನ್ನೇನೋ ಬರೆದರು. ಆದರೆ 1ರಿಂದ 12ರವರೆಗಿನ ಅಂಕಿಗಳನ್ನೆಲ್ಲ ಬಲಭಾಗದಲ್ಲೇ ತುರುಕಿದ್ದರು. ಎಡಭಾಗ ಖಾಲಿ. ಮೆದುಳಿನ ಬಲ ಅರ್ಧದಲ್ಲಿ ಏನೋ ಕೆಟ್ಟಿದೆ ಎಂಬ ಸುಳಿವು ವೈದ್ಯರಿಗೆ ಸಿಕ್ಕಿದ್ದು ಆ ಹಾಳೆಯಿಂದ.

ಆಕೆ ಸುಸನ್ನಾ ಕಹಲನ್, ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯ ವರದಿಗಾರ್ತಿ. ಅದಕ್ಕೂ ಮುಂಚಿನ ವಾರಗಳಲ್ಲಿ ವಿಪರೀತ ಅನುಮಾನ, ಭ್ರಮೆ, ಫಿಟ್ಸ್ ಎಲ್ಲವೂ ಬಂದಿದ್ದವು. ಕುಡಿತದಿಂದ ಹೀಗಾಗಿದೆ ಅಂದ ವೈದ್ಯರಿದ್ದರು, ಮಾನಸಿಕ ಕಾಯಿಲೆ ಅಂದವರೂ ಇದ್ದರು. ಕೊನೆಗೆ ಗೊತ್ತಾದ ಕಾಯಿಲೆಯ ಹೆಸರು ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳಿನ ಮೇಲೆ ದಾಳಿ ಮಾಡುವ ಕಾಯಿಲೆ. ಚಿಕಿತ್ಸೆಯ ನಂತರ ಆಕೆ ಕೆಲಸಕ್ಕೆ ಮರಳಿದರು, 2012ರಲ್ಲಿ ‘ಬ್ರೈನ್ ಆನ್ ಫೈರ್’ ಎಂಬ ಪುಸ್ತಕ ಬರೆದರು.

ನಮ್ಮ ಊರುಗಳಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಹೀಗೆ ಏಕಾಏಕಿ ಏನೇನೋ ಮಾತಾಡಲು ಶುರು ಮಾಡಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುವವರು ಕೆಲವರು, ‘ಮದುವೆ ಮಾಡಿದರೆ ಸರಿಹೋಗ್ತಾಳೆ’ ಅನ್ನುವವರು ಇನ್ನು ಕೆಲವರು. ಅಷ್ಟರಲ್ಲಿ ಚಿಕಿತ್ಸೆಗೆ ಸಿಗಬೇಕಾದ ವಾರಗಳು ಕಳೆದುಹೋಗಿರುತ್ತವೆ.

ಇದು ನಾವು ಕೇಳಿರುವ ಮೆದುಳು ಜ್ವರವಲ್ಲ

‘ಮೆದುಳು ಜ್ವರ’ ಅಂದರೆ ನಮಗೆ ನೆನಪಾಗೋದು ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್. ಅಲ್ಲಿ ಶತ್ರು ಹೊರಗಿನ ವೈರಸ್. ಇಲ್ಲಿ ಹೊರಗಿನವರು ಯಾರೂ ಇಲ್ಲ. ವೈರಸ್ಸನ್ನು ಹಿಡಿಯಬೇಕಾದ ಆ್ಯಂಟಿಬಾಡಿ, ಅಂದರೆ ಪ್ರತಿಕಾಯ, ಗುರಿ ತಪ್ಪಿ ನಮ್ಮದೇ ನರಕೋಶವನ್ನು ಹಿಡಿಯುತ್ತದೆ.

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು ನಾಲ್ವರು ಮಹಿಳೆಯರ ಬಗ್ಗೆ ಬರೆದರು. ಎಲ್ಲರಿಗೂ ಮಾನಸಿಕ ಲಕ್ಷಣಗಳು, ಮರೆವು, ಉಸಿರಾಟದ ತೊಂದರೆ. ಎಲ್ಲರ ಅಂಡಾಶಯದಲ್ಲೂ ಟೆರಟೋಮಾ ಎಂಬ ಗಡ್ಡೆ. ಈ ಗಡ್ಡೆಯೊಳಗೆ ಕೂದಲು, ಹಲ್ಲಿನ ಜೊತೆಗೆ ನರಕೋಶಗಳೂ ಬೆಳೆಯಬಹುದು. ಅದರ ವಿರುದ್ಧ ತಯಾರಾದ ಪ್ರತಿಕಾಯಗಳು ನಿಜವಾದ ಮೆದುಳನ್ನೂ ಬಿಡುವುದಿಲ್ಲ. ಅವುಗಳ ಗುರಿ ಎನ್‌ಎಂಡಿಎ ರಿಸೆಪ್ಟರ್ ಎಂದು ಅದೇ ತಂಡ 2007ರಲ್ಲಿ ತೋರಿಸಿತು. ಹಾಗಂತ ಗಡ್ಡೆ ಇದ್ದೇ ಇರಬೇಕೆಂದಿಲ್ಲ. 577 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಡ್ಡೆ ಇದ್ದವರು ಶೇ 38 ಮಂದಿ ಮಾತ್ರ. ಗಂಡಸರಿಗೂ ಮಕ್ಕಳಿಗೂ ಇದು ಬರುತ್ತದೆ.

ಇನ್ನೂ ಒಂದು ದಾರಿಯಿದೆ. ಹರ್ಪಿಸ್ ವೈರಸ್ಸಿನಿಂದ ಮೆದುಳು ಜ್ವರ ಬಂದು ವಾಸಿಯಾದ ಕೆಲವರಲ್ಲಿ, ವಾರಗಳ ನಂತರ ಇದೇ ಪ್ರತಿಕಾಯಗಳು ಹುಟ್ಟಿಕೊಂಡು ಎರಡನೇ ಸುತ್ತಿನ ಕಾಯಿಲೆ ಶುರುವಾಗುತ್ತದೆ. ಬರ್ಲಿನ್ ಮೃಗಾಲಯದಲ್ಲಿ 2011ರಲ್ಲಿ ಕೊಳಕ್ಕೆ ಬಿದ್ದು ಸತ್ತ ಹಿಮಕರಡಿ ‘ಕ್ನೂಟ್’ಗೂ ಇದೇ ಕಾಯಿಲೆ ಇತ್ತೆಂದು 2015ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಕೋಶ ಸಾಯಲ್ಲ, ಸಿಗ್ನಲ್ ಹೋಗುತ್ತೆ

ರಿಸೆಪ್ಟರ್ ಅಂದರೆ ನರಕೋಶದ ಮೈಮೇಲಿರುವ ಆ್ಯಂಟೆನಾ ಅಂದುಕೊಳ್ಳಿ. ನೆನಪು, ಕಲಿಕೆ, ವರ್ತನೆಗೆ ಎನ್‌ಎಂಡಿಎ ರಿಸೆಪ್ಟರ್ ಬೇಕೇ ಬೇಕು. ಪ್ರತಿಕಾಯಗಳು ಅಕ್ಕಪಕ್ಕದ ಎರಡು ರಿಸೆಪ್ಟರ್‌ಗಳನ್ನು ಜೋಡಿಸಿ ಹಿಡಿಯುತ್ತವೆ. ಆಗ ಕೋಶ ಅವನ್ನು ಒಳಕ್ಕೆಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಆ್ಯಂಟೆನಾಗಳು ಕಡಿಮೆಯಾಗುತ್ತಾ ಹೋಗುತ್ತವೆ. ಅರಿವಳಿಕೆಗೆ ಬಳಸುವ ಕೆಟಮಿನ್ ತಡೆಯೋದು ಇದೇ ರಿಸೆಪ್ಟರನ್ನು. ಅದನ್ನು ಪಡೆದವರಿಗೂ ಭ್ರಮೆ ಬರುವುದೇಕೆ ಅಂತ ಈಗ ಅರ್ಥವಾಗಬಹುದು.

ಒಳ್ಳೆಯ ಸುದ್ದಿ ಇರೋದೂ ಇಲ್ಲೇ. ನರಕೋಶ ಸತ್ತಿಲ್ಲ, ಆ್ಯಂಟೆನಾ ಮಾತ್ರ ಹೋಗಿದೆ. ಪ್ರತಿಕಾಯ ತೆಗೆದರೆ ರಿಸೆಪ್ಟರ್‌ಗಳು ಮರಳಿ ಬರುತ್ತವೆ. ಹೂ, ಯೋ ಎಂಬ ಇನ್ನೊಂದು ಗುಂಪಿನ ಪ್ರತಿಕಾಯಗಳ ಕಥೆ ಬೇರೆ. ಅವುಗಳ ಗುರಿ ಕೋಶದ ಒಳಗಿರುತ್ತದೆ, ಬಹುತೇಕ ಕ್ಯಾನ್ಸರ್ ಜೊತೆಗೇ ಕಾಣಿಸಿಕೊಳ್ಳುತ್ತವೆ. ಅಲ್ಲಿ ಟಿ-ಕೋಶಗಳು ನರಕೋಶವನ್ನೇ ಕೊಲ್ಲುವುದರಿಂದ ಹಾನಿ ಸರಿಪಡಿಸುವುದು ಕಷ್ಟ. ಹಾಗಾಗಿ ಯಾವ ಪ್ರತಿಕಾಯ ಎಂದು ತಿಳಿಯುವುದು ಬರೀ ಹೆಸರಿಡುವ ಕೆಲಸವಲ್ಲ. ಎಲ್‌ಜಿಐ1 ಪ್ರತಿಕಾಯದ ರೋಗಿಗಳು ಸಾಮಾನ್ಯವಾಗಿ 50 ದಾಟಿದವರು. ಮುಖ ಮತ್ತು ತೋಳು ಒಂದೇ ಬದಿಗೆ ಕ್ಷಣಮಾತ್ರ ಸೆಳೆದು ಬಿಡುವುದು, ದಿನಕ್ಕೆ ಹತ್ತಾರು ಸಲ, ಅವರಲ್ಲಿನ ವಿಶಿಷ್ಟ ಲಕ್ಷಣ. ರಕ್ತದಲ್ಲಿ ಸೋಡಿಯಂ ಕೂಡ ಇಳಿದಿರಬಹುದು.

ಪತ್ತೆ ಹೇಗೆ?

ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಜೀನ್ ಸೇರಿಸಿ, ಅವುಗಳ ಮೈಮೇಲೆ ಎನ್‌ಎಂಡಿಎ ರಿಸೆಪ್ಟರ್ ಮೂಡುವಂತೆ ಮಾಡುತ್ತಾರೆ. ಅದರ ಮೇಲೆ ರೋಗಿಯ ರಕ್ತದ ಸೀರಂ ಅಥವಾ ಬೆನ್ನಿನ ನೀರು ಹಾಕುತ್ತಾರೆ. ಪ್ರತಿಕಾಯ ಇದ್ದರೆ ಅಂಟಿಕೊಳ್ಳುತ್ತದೆ. ನಂತರ ಹೊಳೆಯುವ ಬಣ್ಣದ ಇನ್ನೊಂದು ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಮಿನುಗುತ್ತವೆ. ಇಲಿಯ ಮೆದುಳಿನ ತೆಳು ಪದರದ ಮೇಲೂ ಇದೇ ಪರೀಕ್ಷೆ ಮಾಡುವುದುಂಟು.

ಬೆನ್ನಿಗೆ ಸೂಜಿ ಹಾಕೋದು ಅಂದರೆ ಮನೆಯವರು ಹೆದರುತ್ತಾರೆ, ‘ರಕ್ತದಲ್ಲೇ ನೋಡಿ ಡಾಕ್ಟ್ರೇ’ ಅನ್ನುತ್ತಾರೆ. ಆದರೆ 2014ರಲ್ಲಿ ಪ್ರಕಟವಾದ 250 ರೋಗಿಗಳ ಅಧ್ಯಯನ ನೋಡಿ: ಬೆನ್ನಿನ ನೀರಿನಲ್ಲಿ ಎಲ್ಲ 250 ಜನರಲ್ಲೂ ಪ್ರತಿಕಾಯ ಸಿಕ್ಕಿತು, ರಕ್ತದಲ್ಲಿ ಸಿಕ್ಕಿದ್ದು ಸುಮಾರು ಶೇ 86 ಜನರಲ್ಲಿ. ಅಂದರೆ ರಕ್ತ ಮಾತ್ರ ನೋಡಿದ್ದರೆ ಏಳರಲ್ಲಿ ಒಬ್ಬರು ಕೈತಪ್ಪುತ್ತಿದ್ದರು.

ಪಾಸಿಟಿವ್ ಬಂದರೆ ಮುಗಿಯಿತೇ?

ಇಲ್ಲೇ ಇರೋದು ತಕರಾರು. ಎಂಜಿನಿಯರಿಂಗ್‌ನಲ್ಲಿ ಸಂಭವನೀಯತೆ ಓದಿದವರಿಗೆ ಈ ಲೆಕ್ಕ ನೆನಪಿರಬಹುದು. ಒಂದು ಪರೀಕ್ಷೆ ರೋಗವಿಲ್ಲದ 100 ಜನರಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ಅನ್ನುತ್ತದೆ ಅಂತಿಟ್ಟುಕೊಳ್ಳಿ. 10,000 ಜನರಲ್ಲಿ ನಿಜವಾದ ರೋಗಿಗಳು 10. ಎಲ್ಲರಿಗೂ ಪರೀಕ್ಷೆ ಮಾಡಿದರೆ 10 ನಿಜ ಪಾಸಿಟಿವ್, ಜೊತೆಗೆ ಸುಮಾರು 100 ಸುಳ್ಳು ಪಾಸಿಟಿವ್! ಪರೀಕ್ಷೆ ಕೆಟ್ಟದ್ದಲ್ಲ, ಯಾರಿಗೆ ಮಾಡಬೇಕೆಂದು ಯೋಚಿಸದೆ ಮಾಡಿದ್ದು ತಪ್ಪು.

ಇದು ಬರೀ ಕಾಗದದ ಲೆಕ್ಕವಲ್ಲ. ಈ ಕಾಯಿಲೆ ಇದೆಯೆಂದು ತಪ್ಪಾಗಿ ಹೇಳಿಸಿಕೊಂಡ 107 ಜನರ ಬಗ್ಗೆ 2023ರಲ್ಲಿ ‘ಜಾಮಾ ನ್ಯೂರಾಲಜಿ’ಯಲ್ಲಿ ಅಧ್ಯಯನ ಬಂತು. ಅವರಿಗೆ ನಿಜಕ್ಕೂ ಇದ್ದದ್ದು ಮರೆಗುಳಿತನದಂಥ ನರಕ್ಷಯ, ಮಾನಸಿಕ ಕಾಯಿಲೆ ಇತ್ಯಾದಿ. ಹಲವರಲ್ಲಿ ದಾರಿ ತಪ್ಪಿಸಿದ್ದು ಥೈರಾಯ್ಡ್‌ಗೆ ಸಂಬಂಧಿಸಿದ ಟಿಪಿಒ ಪ್ರತಿಕಾಯ. ಅದು ಆರೋಗ್ಯವಂತರಲ್ಲೂ ಸಿಗುತ್ತದೆ. ಬೇಡದ ಸ್ಟೆರಾಯ್ಡ್‌ನ ಅಡ್ಡಪರಿಣಾಮ ಒಂದೆಡೆ, ನಿಜವಾದ ಕಾಯಿಲೆಗೆ ಚಿಕಿತ್ಸೆ ತಡವಾಗುವುದು ಇನ್ನೊಂದೆಡೆ.

ಹಾಗಾದರೆ ಅಳತೆಗೋಲು ಯಾವುದು? 2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ತಜ್ಞರು ಒಂದು ಮಾನದಂಡ ಕೊಟ್ಟರು. ಮೂರು ತಿಂಗಳೊಳಗೆ ವೇಗವಾಗಿ ಶುರುವಾದ ಮರೆವು, ಪ್ರಜ್ಞೆಯ ಏರುಪೇರು ಅಥವಾ ಮಾನಸಿಕ ಲಕ್ಷಣ ಇರಬೇಕು. ಜೊತೆಗೆ ಹೊಸದಾಗಿ ಬಂದ ಫಿಟ್ಸ್, ನರದೌರ್ಬಲ್ಯದ ಗುರುತು, ಬೆನ್ನಿನ ನೀರಿನಲ್ಲಿ ಹೆಚ್ಚಿದ ಬಿಳಿ ರಕ್ತಕಣ, ಎಂಆರ್‌ಐನಲ್ಲಿ ಉರಿಯೂತದ ಸುಳಿವು, ಇವುಗಳಲ್ಲಿ ಒಂದಾದರೂ ಇರಬೇಕು. ಬೇರೆ ಕಾರಣಗಳನ್ನು ತಳ್ಳಿಹಾಕಿರಬೇಕು. ಇಷ್ಟಿದ್ದರೆ ಪ್ರತಿಕಾಯದ ವರದಿಗೆ ಕಾಯದೆ ಚಿಕಿತ್ಸೆ ಶುರು ಮಾಡಬಹುದು. ಮೇಲೆ ಹೇಳಿದ 107 ಜನರಲ್ಲಿ ಶೇ 72 ಮಂದಿ ಈ ಮಾನದಂಡವನ್ನೇ ದಾಟುತ್ತಿರಲಿಲ್ಲ.

ಮನೆಯವರು ಗಮನಿಸಬೇಕಾದ್ದು

ಮೊದಲ ಹಂತದ ಚಿಕಿತ್ಸೆ ಸ್ಟೆರಾಯ್ಡ್, ಐವಿಐಜಿ, ಪ್ಲಾಸ್ಮಾ ಬದಲಾವಣೆ, ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸೆ. ಬಗ್ಗದಿದ್ದರೆ ರಿಟುಕ್ಸಿಮ್ಯಾಬ್‌ನಂಥ ಔಷಧ. ಐವಿಐಜಿ ಖರ್ಚು ಲಕ್ಷಗಟ್ಟಲೆ ಆಗುತ್ತದೆ, ಬಡ ಮನೆಗಳಿಗೆ ಅದೇ ದೊಡ್ಡ ಗೋಡೆ. ಆದರೂ 2013ರ ಅಧ್ಯಯನದಲ್ಲಿ ಎರಡು ವರ್ಷ ಹಿಂಬಾಲಿಸಿದ ರೋಗಿಗಳಲ್ಲಿ ಶೇ 81 ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು, ಬೇಗ ಚಿಕಿತ್ಸೆ ಸಿಕ್ಕವರಿಗೆ ಹೆಚ್ಚು ಲಾಭವಾಗಿತ್ತು.

ಮಾನಸಿಕ ಲಕ್ಷಣ ಕಂಡವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಬಹುತೇಕರಿಗೆ ಇರುವುದಿಲ್ಲ. ಆದರೆ ಮೊನ್ನೆವರೆಗೆ ಸರಿಯಿದ್ದವರು ಕೆಲವೇ ದಿನಗಳಲ್ಲಿ ಬದಲಾದರೆ, ಜೊತೆಗೆ ಫಿಟ್ಸ್, ಬಾಯಿ-ಕೈಗಳ ವಿಚಿತ್ರ ಚಲನೆ, ಮಾತು ನಿಲ್ಲುವುದು ಅಥವಾ ಮರಗಟ್ಟಿದಂತೆ ಕೂರುವುದು ಕಂಡರೆ, ಮನೋವೈದ್ಯರ ಜೊತೆಗೆ ನರತಜ್ಞರಿಗೂ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡೂ ವಿಭಾಗಗಳು ಒಂದೇ ಆವರಣದಲ್ಲಿವೆ. ಹೋಗುವಾಗ ಯಾವ ದಿನ ಏನು ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆ್ಯಂಟಿಬಾಡಿ ಪರೀಕ್ಷೆ ಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸಲು ಆ ಮಾಹಿತಿ ಬೇಕಾಗುತ್ತದೆ.