ಕರುಹಟ್ಟಿ, ಬೆಣ್ಣೆ ಚಾವಡಿ, ಅಮೃತಮಹಲು

ಶ್ರೀರಂಗಪಟ್ಟಣದ ಸೈನ್ಯವೆಂದೊಡನೆ ಜನರ ಕಲ್ಪನೆಯಲ್ಲಿ ಮೂಡುವುದು ಕುದುರೆಯೇ. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವನ್ನು ಬರೆದ ಚಿತ್ರಕಾರರು ರಾವುತರನ್ನು ಸಾಲುಸಾಲಾಗಿ ನಿಲ್ಲಿಸಿ ಆ ಕಲ್ಪನೆಗೆ ಬಣ್ಣವನ್ನೂ ತುಂಬಿಟ್ಟಿದ್ದಾರೆ. ಆದರೆ ಕುದುರೆ ಈ ನೆಲದ ಹುಟ್ಟುವಳಿಯಲ್ಲ. ವಿಜಯನಗರದ ಕಾಲದಿಂದಲೂ ಒಳ್ಳೆಯ ಕುದುರೆಯೆಂಬುದು ಅರಬ್ಬೀ ದೇಶದಿಂದ ಹಡಗೇರಿ ಬರಬೇಕಾಗಿದ್ದ, ಬಂದ ಮೇಲೆ ಹುರುಳಿ ಬೇಯಿಸಿ ಹಾಕಿ ಪೋಷಿಸಬೇಕಾಗಿದ್ದ ಬಲು ದುಬಾರಿಯ ಪ್ರಾಣಿ. 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಬೆಟ್ಟಗಳಿಂದ ಹಿಂದೆಗೆಯುತ್ತಿದ್ದ ಹೈದರಾಲಿಯ ದಂಡನ್ನು, ಇಂದಿನ ಪಾಂಡವಪುರ ತಾಲ್ಲೂಕಿಗೆ ಸೇರಿದ ಚಿನಕುರಳಿಯ ಬಯಲಿನಲ್ಲಿ ತ್ರ್ಯಂಬಕರಾಯನ ಮರಾಠಾ ಕುದುರೆಪಡೆ ಅಟ್ಟಿ ಧ್ವಂಸಮಾಡಿತು; ಹೈದರನು ರಾಜಧಾನಿಯನ್ನು ಸೇರಿದ್ದೇ ಪ್ರಯಾಸದಿಂದ. ಅವನ ಮಗ ಟೀಪು ನಾಗಮಂಗಲಕ್ಕೆ ನೆರೆಯಾದ ಕುಣಿಗಲಿನಲ್ಲಿ ಕುದುರೆಗಳ ಸಾಕಣೆಗೆ ತೊಡಗಿದುದನ್ನು ನೋಡಿದರೆ, ಒಳ್ಳೆಯ ಕುದುರೆಗಳ ಕೊರತೆ ಅವರನ್ನು ಎಷ್ಟು ಕಾಡಿರಬೇಕೆಂಬುದನ್ನು ಊಹಿಸಬಹುದು.

ಕೊರತೆಯನ್ನು ನೀಗಿಸಿದುದು ಎತ್ತು. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ಶುದ್ಧ ಹಳ್ಳಿಕಾರ್ ತಳಿಯ ಹಸುಗಳನ್ನು ತರಿಸಿ ಕರುಹಟ್ಟಿಯೆಂಬ ಹೆಸರಿನ ಮಂದೆಯೊಂದನ್ನು ಕಟ್ಟಿದ್ದರು. 1610ರಲ್ಲಿ ಪಟ್ಟಣವು ರಾಜ ಒಡೆಯರ ಕೈಸೇರಿದಾಗ ಮಂದೆಯೂ ಮೈಸೂರಿನ ಅರಸುಮನೆತನದ ಸ್ವತ್ತಾಯಿತು. ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುತ್ತಿದ್ದ ಈ ಏರ್ಪಾಟನ್ನು ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ಇಲಾಖೆಯನ್ನಾಗಿ ಮಾಡಿ, ನಾಡಿನ ನಾನಾ ಕಡೆಗಳಲ್ಲಿ ಅದಕ್ಕಾಗಿ ಹುಲ್ಲುಗಾವಲುಗಳನ್ನು ಬಿಡಿಸಿದರು. ಹಾಲಿಗಾಗಿ ಹುಟ್ಟಿದ ಆ ಇಲಾಖೆ ಮದ್ದುಗುಂಡಿನ ಬಂಡಿಗೆ ಹೆಗಲು ಕೊಟ್ಟುದು ಹೈದರನ ಕಾಲದಲ್ಲಿ. ಅವನು ತಾನು ಜಯಿಸಿದ ಪಾಳೆಯಪಟ್ಟುಗಳ ದನಗಳನ್ನೆಲ್ಲ ಇದಕ್ಕೆ ಸೇರಿಸಿದನು. ಟೀಪು ಆ ಇಲಾಖೆಗೆ ಅಮೃತಮಹಲೆಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿ, ವರ್ಷಕ್ಕೊಮ್ಮೆ ನಡೆಯುವ ಮಂದೆಯ ಎಣಿಕೆಗೆ ಸ್ವತಃ ಬಂದು ಇನಾಮುಗಳನ್ನು ಹಂಚುತ್ತಿದ್ದನು. ಚಿದಂಬರದ ನೆರವಿಗೆಂದು ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದೂ, ಬಿದನೂರನ್ನು ಮರಳಿ ಪಡೆಯಲು ಟೀಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಲಾಗಿ ದಾಟಿದುದೂ, ಇಂಗ್ಲಿಷರ ಜನರಲ್ ಮೆಡೋಸನ ಕಣ್ಣೆದುರಿಗೇ ಎರಡು ದಿನಗಳಲ್ಲಿ 63 ಮೈಲಿ ಸಾಗಿದುದೂ ಈ ಎತ್ತುಗಳ ಬಲದಿಂದಲೇ ಎಂದು ಅವರ ವೈರಿಗಳಾದ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಸೋತಾಗಲೂ ಫಿರಂಗಿಗಳನ್ನು ಬಿಟ್ಟುಕೊಡದೆ ಎಳೆದೊಯ್ಯುವುದು ಇವುಗಳಿಂದ ಸಾಧ್ಯವಾಯಿತಂತೆ. ಗೆದ್ದ ಕಾಳಗಗಳ ಪಟ್ಟಿಗಿಂತ ಇದೇ ನನಗೆ ದೊಡ್ಡ ಪ್ರಶಸ್ತಿಯಾಗಿ ತೋರುತ್ತದೆ.

ಇಷ್ಟು ಕಸುವಿನ ಗುಟ್ಟು ಕೊಟ್ಟಿಗೆಯಲ್ಲಿರಲಿಲ್ಲ, ಕೊಟ್ಟಿಗೆಯೇ ಇಲ್ಲದಿದ್ದುದರಲ್ಲಿತ್ತು. ಮಂದೆಗಳು ವರ್ಷವಿಡೀ ಬಯಲಿನಲ್ಲಿಯೇ ಇರುತ್ತಿದ್ದವು. ಕಾವಲುಗಳೆಂಬ ಮೀಸಲು ಹುಲ್ಲುಗಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿ, ಹುಲ್ಲನ್ನೂ ನೀರನ್ನೂ ಅನುಸರಿಸಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಕೆರೆಯಂಗಳವೂ ನೆರಳೂ ಉಳ್ಳ ಬೇಸಗೆಯ ಕಾವಲುಗಳು ಇವುಗಳಲ್ಲಿ ಬೆಲೆಯುಳ್ಳವು. ಬಿಸಿಲು, ಮಳೆ, ತೋಳ ಇವೆಲ್ಲವನ್ನೂ ತಾಯಿಯ ಪಕ್ಕದಲ್ಲಿಯೇ ಎದುರಿಸಿ ಬೆಳೆದ ಕರುವು ಅರ್ಧ ಕಾಡುಪ್ರಾಣಿಯಾಗಿಯೇ ಬೆಳೆಯುತ್ತಿತ್ತು. ಮೇಯಿಸುವವನ ದನಿಗೆ ಓಗೊಡುವ ಮಂದೆ ಅಪರಿಚಿತನು ಹತ್ತಿರ ಬಂದರೆ ಕೊಂಬು ತಗ್ಗಿಸುತ್ತಿತ್ತು. ಅಮೆರಿಕದ ಪಶ್ಚಿಮ ಬಯಲುಗಳಲ್ಲಿ ಮಸ್ಟಾಂಗ್ ಎಂಬ ಕುದುರೆಗಳು ಹಿಂಡುಹಿಂಡಾಗಿ ಅಲೆಯುತ್ತವಷ್ಟೆ. ಅವು ಸ್ಪೇನಿನವರು ತಂದ ಸಾಕುಕುದುರೆಗಳು ಕೈತಪ್ಪಿ ಕಾಡುಪಾಲಾದ ಸಂತತಿ, 1971ರಿಂದ ಕಾಯಿದೆಯ ರಕ್ಷಣೆಯಲ್ಲಿರುವಂಥವು. ಅಲ್ಲಿ ಕಾಡುತನವು ಆಕಸ್ಮಿಕವಾದರೆ ಇಲ್ಲಿ ರಾಜ್ಯವೇ ಬೇಕೆಂದು ಅದನ್ನು ಕಾಪಾಡಿಕೊಂಡು ಬಂದಿತು.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲಾಖೆ ಕೈಯಿಂದ ಕೈಗೆ ಬದಲಾಗಿ ಕ್ಷೀಣಿಸಿತು. 1813ರಲ್ಲಿ ಮದರಾಸಿನ ಸೈನ್ಯದವರು ವಹಿಸಿಕೊಂಡು ಕ್ಯಾಪ್ಟನ್ ಹಾರ್ವೆಯ ಉಸ್ತುವಾರಿಯಲ್ಲಿ ಅದನ್ನು ಚೇತರಿಸಿದರು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮುಚ್ಚಿ, ಬಂಡಿಯೆತ್ತಿಗೆ ಬರ ಬಂದಾಗ ಕೆಲವೇ ವರ್ಷಗಳಲ್ಲಿ ಮತ್ತೆ ತೆರೆದರು. ಉಳಿತಾಯ ಮಾಡಹೊರಟ ಸರ್ಕಾರಗಳ ಚರಿತ್ರೆಯಲ್ಲಿ ಇದೇನೂ ಹೊಸದಲ್ಲ.

ಶ್ರೀರಂಗಪಟ್ಟಣದ ಸುತ್ತಿನ ಮೇವುನೆಲಕ್ಕೆ ಕೊನೆಯ ಪೆಟ್ಟು ಬಿದ್ದುದು ಯುದ್ಧದಿಂದಲ್ಲ, ನೀರಿನಿಂದ. ಕನ್ನಂಬಾಡಿಯ ಕಟ್ಟೆ ಎದ್ದು ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ ಬಳಿಕ, ನಾಲೆಯ ನೀರು ಮುಟ್ಟಿದ ಕಡೆಯೆಲ್ಲ ಬೋರೆಗಳು ಕಬ್ಬಿನ ಗದ್ದೆಗಳಾದುವು. ಎತ್ತಿಗೆ ಹುಲ್ಲು ಹೋಯಿತು, ಆದರೆ ಕಬ್ಬಿನ ಗಾಡಿ ಎಳೆಯುವ ಕೆಲಸ ಸಿಕ್ಕಿತು. ನಾಗಮಂಗಲವು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಯಾಗಿ ಉಳಿದುದರಿಂದ ಅಲ್ಲಿ ಹಳ್ಳಿಕಾರ್ ಸಾಕಣೆ ಹೆಚ್ಚು ಕಾಲ ಬಾಳಿತು. ಅಮೃತಮಹಲಿನ ಮಂದೆಯನ್ನು ಇಂದು ನೋಡಬೇಕಾದರೆ ಅಜ್ಜಂಪುರದ ತಳಿಸಂವರ್ಧನ ಕೇಂದ್ರಕ್ಕೆ ಹೋಗಬೇಕು. ಛಾಯಾಚಿತ್ರ ತೆಗೆಯುವವರಿಗೆ ಶಿಶಿರದ ಕೊನೆಯೇ ಪ್ರಶಸ್ತ ಕಾಲ: ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಬೆಳಗಿನ ಓರೆಬಿಸಿಲಿನಲ್ಲಿ ಬೂದುಮೈಯ ಹಸುಗಳು ಹಿಂದಕ್ಕೆ ಬಾಗಿ ಮೇಲೇರಿದ ಚೂಪುಕೊಂಬುಗಳನ್ನೆತ್ತಿ ಬಂದವನ ಕಡೆಗೇ ನೋಡುತ್ತವೆ. ಆದರೆ ಮೇಯಿಸುವವನನ್ನು ಜೊತೆಯಲ್ಲಿಟ್ಟುಕೊಳ್ಳದೆ ಮುಂದೆ ಹೆಜ್ಜೆಯಿಡುವುದು ವಿವೇಕವಲ್ಲ.

ಅದೇ ಋತುವಿನಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ, ಹೇಮಾವತಿಯ ದಡದ ಮೇಲೆ, ರಥಸಪ್ತಮಿಯ ತೇರಿನೊಡನೆ ದನಗಳ ಜಾತ್ರೆ ಕೂಡುತ್ತದೆ. ಶಿವರಾತ್ರಿಯ ಹೊತ್ತಿಗೆ ಪಾಂಡವಪುರದ ಬೇಬಿ ಬೆಟ್ಟದಲ್ಲಿ ಇನ್ನೊಂದು. ಮೈ ತೊಳೆದು, ಕೊಂಬು ಹೆರೆದು ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿ ನಿಲ್ಲಿಸಿದ ಜೋಡಿಯ ಮುಂದೆ ಕೊಳ್ಳುವವನು ಮೊದಲು ನೋಡುವುದು ಬಾಯಿಯನ್ನು: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಗೊರಸು, ಗಂಗೆದೊಗಲು, ನಡೆ. ಕೊನೆಯಲ್ಲಿ ಬೆನ್ನಿನ ಮೇಲೂ ಹಣೆಯ ಮೇಲೂ ಬೆರಳಾಡಿಸಿ ಸುಳಿಗಳನ್ನು ಹುಡುಕುತ್ತಾನೆ. ಸುಳಿ ಕೆಟ್ಟದ್ದೆಂದಾದರೆ ಮಿಕ್ಕ ಗುಣಗಳೊಂದೂ ಲೆಕ್ಕಕ್ಕಿಲ್ಲ. ಬೆಲೆಯ ಮಾತು ವಲ್ಲಿಯ ಮರೆಯಲ್ಲಿ, ದಳ್ಳಾಳಿಯ ಬೆರಳುಗಳ ಸನ್ನೆಯಲ್ಲಿ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಕೊಳ್ಳುವವರಿಗಿಂತ ಮೊಬೈಲು ಹಿಡಿದು ಚಿತ್ರ ತೆಗೆಯುವ ಹುಡುಗರೇ ಹೆಚ್ಚೆಂದು ಹಿರಿಯರು ಗೊಣಗುವುದುಂಟು. ಆದರೆ ಈ ದನಗಳ ಚಿತ್ರಕ್ಕೆ ಮನ್ನಣೆ ದೊರೆತುದು ಹೊಸದೇನಲ್ಲ: 2000ದಲ್ಲಿ ಅಂಚೆ ಇಲಾಖೆ ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಗೀರ್, ಕಾಂಕ್ರೇಜ್, ಕಾಂಗೇಯಂಗಳೊಡನೆ ಹಳ್ಳಿಕಾರಿಗೂ ಒಂದು ಚೀಟಿ ದೊರೆತಿತ್ತು. ಗೊಣಗುವ ಹಿರಿಯರೂ ತಮ್ಮ ಹೋರಿಯ ಚಿತ್ರ ತೆಗೆಯಲು ಯಾರಾದರೂ ಬಂದರೆ ಮೂಗುದಾರವನ್ನು ಬಿಗಿಹಿಡಿದು, ಅದರ ತಲೆಯನ್ನು ಮೇಲೆತ್ತಿಸಿ, ತಾವೂ ಪಕ್ಕದಲ್ಲಿ ಪೇಟ ಸರಿಮಾಡಿಕೊಂಡು ನಿಲ್ಲುತ್ತಾರೆ.