‘ಆಗುವುದಿಲ್ಲ’ ಎಂದವರಿಗೆ ‘ಆಗುತ್ತದೆ’ ಎಂಬ ಉತ್ತರ

ಅಮೆರಿಕದ 2008ರ ಅಧ್ಯಕ್ಷೀಯ ಚುನಾವಣೆ ಎಂದೊಡನೆ ಬರಾಕ್ ಒಬಾಮ ಅವರ ‘ಯೆಸ್ ವಿ ಕ್ಯಾನ್’ ಘೋಷಣೆ ನೆನಪಾಗುತ್ತದೆ. ‘ಹೌದು, ನಮ್ಮಿಂದ ಸಾಧ್ಯ’ ಎಂಬುದು ಅದರ ಅರ್ಥ. ಆದರೆ ಇಂಥದೇ ಭರವಸೆಯ ಮಾತು ಅದಕ್ಕೂ 36 ವರ್ಷ ಮೊದಲೇ ಅಲ್ಲಿನ ಕೃಷಿ ಕಾರ್ಮಿಕರ ನಡುವೆ ಸ್ಪ್ಯಾನಿಷ್ ಭಾಷೆಯಲ್ಲಿ ಮೊಳಗಿತ್ತು: ‘ಸಿ, ಸೆ ಪ್ವೆದೆ!’

ಅದು 1972ರ ಮೇ ತಿಂಗಳು. ಅರಿಜೋನಾ ರಾಜ್ಯದ ಗವರ್ನರ್ ಜಾಕ್ ವಿಲಿಯಮ್ಸ್ ಕೃಷಿ ಕಾರ್ಮಿಕರ ಕುರಿತ ಹೊಸ ಕಾಯ್ದೆಗೆ ಸಹಿ ಹಾಕಿದರು. ಕೊಯ್ಲಿನ ಕಾಲದ ಮುಷ್ಕರಕ್ಕೂ ಫಸಲಿನ ಬಹಿಷ್ಕಾರಕ್ಕೂ ಅದು ಕಡಿವಾಣ ಹಾಕಿತು. ಕೊಯ್ಲು ನಿಂತರಷ್ಟೇ ಮಾಲೀಕರು ಮಾತುಕತೆಗೆ ಬರುತ್ತಾರೆ. ಆ ಅಸ್ತ್ರವೇ ಕೈತಪ್ಪಿದರೆ ಕೂಲಿಯವರಿಗೆ ಉಳಿಯುವುದೇನು? ಕಾಯ್ದೆಯನ್ನು ವಿರೋಧಿಸಿ ಕಾರ್ಮಿಕ ನಾಯಕ ಸೀಸರ್ ಚಾವೆಜ್ ರಾಜಧಾನಿ ಫೀನಿಕ್ಸ್‌ನಲ್ಲಿ 24 ದಿನ ಉಪವಾಸ ಮಾಡಿದರು.

ಅವರೊಡನೆ 1962ರಲ್ಲಿ ಸಂಘ ಕಟ್ಟಿದ್ದ ಡೊಲೊರೆಸ್ ಹ್ವೆರ್ತಾ ಸ್ಥಳೀಯ ಮುಖಂಡರ ಬೆಂಬಲ ಕೋರಿದರು. ಕ್ಯಾಲಿಫೋರ್ನಿಯಾದಲ್ಲಾದರೆ ಸರಿ, ಅರಿಜೋನಾದಲ್ಲಿ ಇದೆಲ್ಲ ‘ನೋ ಸೆ ಪ್ವೆದೆ’, ಅಂದರೆ ಆಗುವುದಿಲ್ಲ, ಎಂದು ಅವರು ಕೈಚೆಲ್ಲಿದರು. ಹ್ವೆರ್ತಾ ಆ ‘ನೋ’ ತೆಗೆದು ‘ಸಿ’ ಇಟ್ಟು ಉತ್ತರಿಸಿದರು. ಘೋಷಣೆ ಹುಟ್ಟಿದ್ದು ಹೀಗೆ.

ಈ ಸ್ಪ್ಯಾನಿಷ್ ವಾಕ್ಯದಲ್ಲಿ ‘ನಾವು’ ಎಂಬ ಪದವೇ ಇಲ್ಲ ಎಂಬುದು ಗಮನಾರ್ಹ. ಕನ್ನಡದ ‘ಆಗುತ್ತದೆ’ಯಂತೆ, ಯಾರಿಂದ ಎಂದು ಹೇಳದೆಯೇ ಅದು ಪೂರ್ಣ. ಇಂಗ್ಲಿಷ್‌ನಲ್ಲಿ ಅದನ್ನೇ ಯಥಾವತ್ತಾಗಿ ‘ಇಟ್ ಕ್ಯಾನ್ ಬಿ ಡನ್’ ಎಂದರೆ ಕಚೇರಿಯ ಟಿಪ್ಪಣಿಯಂತೆ ಕೇಳಿಸುತ್ತದೆ. ‘ವಿ’ ಸೇರಿದಾಗಲೇ ಅದಕ್ಕೆ ಕಸುವು. ಹಾಗೆಯೇ ‘ಯೆಸ್ ವಿ ಕ್ಯಾನ್’ ಅನ್ನು ಪದಶಃ ಸ್ಪ್ಯಾನಿಷ್‌ಗೆ ತಂದರೆ ‘ಸಿ, ಪೊದೇಮೊಸ್’ ಆಗಬೇಕು. ಆದರೂ ಒಬಾಮ ಅವರ ಸಭೆಗಳಲ್ಲಿ ಸ್ಪ್ಯಾನಿಷ್ ಭಾಷಿಕರು ಕೂಗಿದ್ದು ಹಳೆಯ ‘ಸಿ, ಸೆ ಪ್ವೆದೆ’ಯನ್ನೇ. ಹೋರಾಟದ ನೆನಪು ಇದ್ದದ್ದು ಆ ಮಾತಿನಲ್ಲಿ.

ಅಂದಹಾಗೆ, 1972ರಲ್ಲಿ ‘ಆಗುತ್ತದೆ’ ಎಂದದ್ದೆಲ್ಲ ಆಗಲಿಲ್ಲ. ಕಾಯ್ದೆ ರದ್ದಾಗಲಿಲ್ಲ. ಗವರ್ನರನ್ನು ಪದವಿಯಿಂದ ಇಳಿಸಲು ಕಾರ್ಮಿಕರು ನಡೆಸಿದ ಸಹಿ ಸಂಗ್ರಹವೂ ಫಲಿಸಲಿಲ್ಲ. ಆದರೆ ಅದೇ ಅಭಿಯಾನದಲ್ಲಿ ಅನೇಕ ಬಡ ಮೆಕ್ಸಿಕನ್ ಮೂಲದವರ ಹೆಸರುಗಳು ಮತದಾರರ ಪಟ್ಟಿ ಸೇರಿದವು. 1974ರಲ್ಲಿ ಮೆಕ್ಸಿಕನ್ ಮೂಲದ ರಾವುಲ್ ಕಾಸ್ಟ್ರೊ ಅರಿಜೋನಾದ ಗವರ್ನರ್ ಆಗಿ ಆಯ್ಕೆಯಾದರು. ಆ ಸಮುದಾಯದಿಂದ ಅಲ್ಲಿ ಆ ಹುದ್ದೆಗೇರಿದವರಲ್ಲಿ ಅವರೇ ಮೊದಲಿಗರು.

2012ರಲ್ಲಿ ಶ್ವೇತಭವನದಲ್ಲಿ ಹ್ವೆರ್ತಾ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ನೀಡಿದಾಗ, ಆ ಘೋಷಣೆಯನ್ನು ತಾವು ‘ಕದ್ದದ್ದು’ ಅವರಿಂದಲೇ ಎಂದು ಒಬಾಮ ನಗುತ್ತಲೇ ಒಪ್ಪಿಕೊಂಡರು. ಹೊಲದಲ್ಲಿ ದುಡಿಯುವವರ ಮಾತಿಗೆ ಅಧ್ಯಕ್ಷರ ಬಾಯಿಂದಲೇ ಸಂದ ಮನ್ನಣೆ ಅದು.